ಮುಂದಿನ ಸೀಟು

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತ ಗಾದೆ ಕಟ್ಟಿದವರು ನನ್ನ ತಮ್ಮನನ್ನೂ ಅವನ ಹೆಂಡತಿಯನ್ನೂ ನೋಡಿರಲಿಲ್ಲ. ಇವರಿಬ್ಬರೂ ಜಗಳವನ್ನೇ ಆಡಲಿಲ್ಲ. ಆಡಿದ್ದರೆ ಉಂಡು ಮಲಗಿ ಮುಗಿಸುತ್ತಿದ್ದರೋ ಏನೋ. ತನ್ನ ಅಕ್ಕನಿಗೆ ಮಂಡಿ ಆಪರೇಷನ್ನು, ನೋಡಿಕೊಳ್ಳುವವರು ಯಾರೂ ಇಲ್ಲ ಅಂತ ಹೇಳಿ ಅವಳು ಒಂದು ಚೀಲ ಹಿಡಿದು ಬಸ್ಸು ಹತ್ತಿದಳು. ಹದಿನೈದು ದಿನ ಅಂದಿದ್ದಳು. ಆ ಅಕ್ಕ ಕೋಲು ಬಿಟ್ಟು ನಡೆದಳು, ಮೆಟ್ಟಿಲು ಹತ್ತಿದಳು, ಮಾರ್ಕೆಟ್ಟಿಗೂ ಹೋಗಿ ಬರತೊಡಗಿದಳು. ಇವಳು ಮಾತ್ರ ಬರಲಿಲ್ಲ.

ನಾನು ಈ ತಮ್ಮನಿಗೆ ಒಬ್ಬಳೇ ಅಕ್ಕ. ಮದುವೆ ಆಗಲಿಲ್ಲ, ಆಗಲಿಲ್ಲ ಅಂತ ಕೂತು ಅಳಲೂ ಇಲ್ಲ. ಆಸ್ಪತ್ರೆಯ ಹೊಲಿಗೆ ಕೋಣೆಯಲ್ಲಿ ಹಾಸಿಗೆ ಬಟ್ಟೆ, ದಿಂಬಿನ ಚೀಲ, ಡಾಕ್ಟರುಗಳ ನಿಲುವಂಗಿ ರಿಪೇರಿ ಮಾಡುತ್ತಾ ಕೂದಲು ಬೆಳ್ಳಗಾಗಿಸಿಕೊಂಡು ನಿವೃತ್ತಿಯಾದೆ. ಆಮೇಲೆ ತಮ್ಮನ ಮನೆಗೆ ಬಂದೆ. ತಮ್ಮನ ಮನೆ ಅಂತ ಬಾಯಲ್ಲಿ ಬರುತ್ತದೆ ಅಷ್ಟೇ. ತಮ್ಮನ ಜೊತೆ ನಾನು ಏನು ಮಾತಾಡಲಿ? ಅವನು ಊಟಕ್ಕೆ ಕೂತರೆ ಉಪ್ಪು ಕಮ್ಮಿ ಅಂತಲೂ ಹೇಳುವವನಲ್ಲ, ಎದ್ದು ಹೋಗಿ ತಾನೇ ಹಾಕಿಕೊಳ್ಳುವವನು. ಆ ಮನೆಯಲ್ಲಿ ನಾನು ನೆಲೆ ನಿಂತದ್ದು ಅವನ ಹೆಂಡತಿಯ ದೆಸೆಯಿಂದ.

ಅವಳಿಗೆ ಮಾತಿನಮಲ್ಲಿ ಅಂತ ಹೆಸರಿಟ್ಟವಳು ನಾನೇ. ಬೆಳಿಗ್ಗೆ ಬಾಗಿಲು ತೆಗೆಯುತ್ತಲೇ ಶುರು. ಹಾಲಿನವನ ಹೊಸ ಮೀಸೆ, ಎದುರು ಮನೆಯ ಮೇಷ್ಟ್ರು ಕದ್ದು ಸಿಗರೇಟು ಸೇದುವ ಜಾಗ, ರಾತ್ರಿ ಕಂಡ ಕನಸು, ಆ ಕನಸಿನಲ್ಲಿ ನಾನು ಹಾಕಿಕೊಂಡಿದ್ದ ಚಪ್ಪಲಿ. ಎಲ್ಲ ಹೇಳಬೇಕು ಅವಳಿಗೆ. ನಾನು ಗದರಿಸುತ್ತಿದ್ದೆ. "ಸ್ವಲ್ಪ ಬಾಯಿಗೆ ಬೀಗ ಹಾಕೇ ತಾಯಿ, ತರಕಾರಿ ಜೊತೆ ಬೆರಳೂ ಹೆಚ್ಕೋತೀನಿ." ಅವಳು ನಕ್ಕು ಇನ್ನೂ ಎರಡು ಮಾತು ಜಾಸ್ತಿ ಆಡುತ್ತಿದ್ದಳು. ಈಗ ಮನೆಯಲ್ಲಿ ಗಡಿಯಾರದ ಸದ್ದು ಕೇಳಿಸುತ್ತದೆ. ಇಷ್ಟು ವರ್ಷ ಆ ಗಡಿಯಾರಕ್ಕೆ ಸದ್ದಿದೆ ಅಂತಲೇ ನನಗೆ ಗೊತ್ತಿರಲಿಲ್ಲ.

ಇಷ್ಟಕ್ಕೆಲ್ಲ ಕಾರಣ ನಮ್ಮ ಕಾರಿನ ಮುಂದಿನ ಸೀಟು.

ಮೊದಮೊದಲು ಕಾರಿನಲ್ಲಿ ಅವಳು ಮುಂದೆ, ಗಂಡನ ಪಕ್ಕ. ನಾನು ಹಿಂದೆ, ಛತ್ರಿ ಮತ್ತು ತರಕಾರಿ ಚೀಲಗಳ ಸಂಸಾರದಲ್ಲಿ. ಆಮೇಲೆ ತಮ್ಮನಿಗೆ ಟೈಲ್ಸ್ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಅಂಗಡಿಯಿಂದ ಅಂಗಡಿಗೆ ಹೋಗಿ ನೆಲಕ್ಕೆ ಹಾಕುವ ಟೈಲ್ಸ್ ತೋರಿಸಿ ಆರ್ಡರ್ ಹಿಡಿಯುವ ಕೆಲಸ. ಮಾದರಿ ಟೈಲ್ಸ್ ಇಡಲು ಕಂಪನಿಯವರು ಒಂದು ಪೆಟ್ಟಿಗೆ ಕೊಟ್ಟರು. ಹೆಣಭಾರ, ನಾಲ್ಕೂ ಮೂಲೆಗೆ ಕಬ್ಬಿಣದ ಪಟ್ಟಿ. ಡಿಕ್ಕಿಯಲ್ಲಿಟ್ಟರೆ ಟೈಲ್ಸ್ ಕುಲುಕಿ ಒಡೆಯುತ್ತವೆ, ಹಿಂದಿನ ಸೀಟಿನಲ್ಲಿಟ್ಟರೆ ಬಗ್ಗಿ ಎತ್ತುವುದಕ್ಕೆ ಸೊಂಟ ಹಿಡಿಯುತ್ತದೆ ಅಂತ ಅದನ್ನು ಮುಂದಿನ ಸೀಟಿನಲ್ಲಿ ಕೂರಿಸಿದ. ಕೂರಿಸಿ ಬೆಲ್ಟೂ ಹಾಕಿದ. ಹೆಂಡತಿಗೆ ಒಂದು ದಿನವೂ ಬೆಲ್ಟ್ ಹಾಕಿಕೋ ಅಂದವನಲ್ಲ.

ಪೆಟ್ಟಿಗೆಯನ್ನು ದಿನಾ ಎಳೆದು ಇಳಿಸಿ, ಎತ್ತಿ ಇಟ್ಟು, ಅದರ ಮೂಲೆ ಸೀಟಿನ ಬಟ್ಟೆಯನ್ನು ಕಚ್ಚಿತು. ಮೊದಲು ಒಂದು ಎಳೆ, ಆಮೇಲೆ ಬೆರಳು ಹೋಗುವಷ್ಟು, ಆಮೇಲೆ ಅಂಗೈ ಹೋಗುವಷ್ಟು. ಒಳಗಿನ ಹಳದಿ ಸ್ಪಂಜು ಪುಡಿಪುಡಿಯಾಗಿ ಬಟ್ಟೆಗೆ ಮೆತ್ತಿಕೊಳ್ಳುತ್ತಿತ್ತು. ರಜದ ದಿನ ಪೆಟ್ಟಿಗೆ ಇಳಿಸಿದರೂ ಅಲ್ಲಿ ಕೂರುವ ಹಾಗಿರಲಿಲ್ಲ. "ರೀ, ಇದನ್ನ ಸರಿ ಮಾಡ್ಸಿ," ಅಂದಳು ಅವಳು. "ನಾಳೆ," ಅಂದ ನನ್ನ ತಮ್ಮ. ಅವನ ನಾಳೆಗೆ ಆಸ್ಪತ್ರೆಯ ಹಳೇ ರೋಗಿಗಳೂ ಕಾಯಲಾರರು.

ಹಾಗೆ ಅವಳು ಹಿಂದಿನ ಸೀಟಿಗೆ, ನನ್ನ ಪಕ್ಕಕ್ಕೆ ಬಂದಳು. ಹೇಳಿಬಿಡುತ್ತೇನೆ, ನನ್ನ ಬದುಕಿನಲ್ಲಿ ನಾನು ಅತಿ ಸುಖವಾಗಿದ್ದ ಜಾಗ ಆ ಹಿಂದಿನ ಸೀಟು. ಇಬ್ಬರೂ ಕಿತ್ತಳೆ ಸುಲಿದುಕೊಂಡು ತಿನ್ನುತ್ತಾ, ಮುಂದೆ ಕೂತವನನ್ನು ಟೈಲ್ಸ್ ಸಾಹೇಬರು ಅಂತ ಕರೆದು ಆಡಿಕೊಳ್ಳುತ್ತಾ ಹೋಗುತ್ತಿದ್ದೆವು. "ಅತ್ತಿಗೆ, ನೋಡಿ, ಸಾಹೇಬ್ರ ಕಿವಿ ಕೆಂಪಾಯ್ತು, ಕೇಳಿಸ್ಕೊಂಡ್ರು," ಅಂತ ಅವಳು ನನ್ನ ಕಿವಿಯಲ್ಲಿ ಹೇಳುವುದು, ನಾನು ನಗು ತಡೆಯಲಾರದೆ ಕೆಮ್ಮುವುದು. ದೂರದ ದಾರಿಯಾದರೆ ಮಾತಾಡಿ ಮಾತಾಡಿ ಸುಸ್ತಾಗಿ ನನ್ನ ಭುಜದ ಮೇಲೆ ತಲೆ ಇಟ್ಟು ನಿದ್ದೆ ಹೋಗುತ್ತಿದ್ದಳು. ನನ್ನ ಭುಜದ ಮೇಲೆ ಅದಕ್ಕೆ ಮೊದಲು ಯಾರೂ ತಲೆ ಇಟ್ಟವರಿಲ್ಲ. ತೋಳು ಜೋಮು ಹಿಡಿದರೂ ನಾನು ಅಲ್ಲಾಡುತ್ತಿರಲಿಲ್ಲ.

ಒಂದು ಸಲ ಅವಳಿಗೆ ಜೋರು ಜ್ವರ ಬಂತು. ಡಾಕ್ಟರ ಹತ್ತಿರ ತೋರಿಸಿಕೊಂಡು ವಾಪಸು ಬರುವಾಗ, "ರೀ, ಕೂರಕ್ಕಾಗ್ತಿಲ್ಲ, ಪೆಟ್ಟಿಗೆ ಹಿಂದೆ ಇಡ್ರಿ, ನಾನು ಮುಂದೆ ಸೀಟು ಬಾಗಿಸ್ಕೊಂಡು ಒರಗ್ತೀನಿ," ಅಂದಳು. "ಈಗೆಲ್ಲಿ ಎತ್ತಿಡೋದು, ಹತ್ತು ನಿಮಿಷದಲ್ಲಿ ಮನೆ ಬರತ್ತೆ," ಅಂದ ಇವನು. ಅವಳು ತುಟಿ ಪಿಟಕ್ಕನ್ನಲಿಲ್ಲ. ಮಾತಿನಮಲ್ಲಿ ಸುಮ್ಮನಾದದ್ದನ್ನು ನಾನು ಮೊದಲ ಸಲ ನೋಡಿದ್ದು ಆಗ. ಮನೆಗೆ ಬಂದು ಮಲಗಿದ ಮೇಲೆ ನನಗೆ ಮಾತ್ರ ಕೇಳುವಂತೆ ಹೇಳಿದಳು. "ನನಗಿಂತ ಆ ಪೆಟ್ಟಿಗೆಗೇ ಮರ್ಯಾದೆ ಜಾಸ್ತಿ, ಅತ್ತಿಗೆ." ಜ್ವರ ಬಿಟ್ಟಿತು. ಅದರ ಹಿಂದೆಯೇ ಅವಳ ಅಕ್ಕನ ಮಂಡಿಯ ಸುದ್ದಿ ಬಂತು.

ಫೋನಿನಲ್ಲಿ ನಾನು ಕೇಳುತ್ತಲೇ ಇದ್ದೆ. "ಯಾವಾಗ ಬರ್ತೀಯೇ?" ಅವಳು ಮಾತು ಹಾರಿಸುತ್ತಿದ್ದಳು. ಕೊನೆಗೆ ಒಂದು ದಿನ ಬಾಯಿ ಬಿಟ್ಟಳು. "ಬಂದು ಏನ್ ಮಾಡ್ಲಿ ಅತ್ತಿಗೆ? ಮತ್ತೆ ಹಿಂದಿನ ಸೀಟಲ್ಲಿ ಸಾಮಾನಿನ ಥರ ಕೂತ್ಕೊಂಡು ಊರು ಸುತ್ಲಾ?"

ಆ ಮಾತು ಗಂಡನಿಗೆ ಅಂತ ಆಡಿದ್ದು. ಗಾಯ ಆದದ್ದು ನನಗೆ. ನನಗೆ ಸುಖದ ಜಾಗವಾಗಿದ್ದದ್ದು ಅವಳಿಗೆ ಶಿಕ್ಷೆಯಾಗಿತ್ತು. ನಕ್ಕದ್ದು ಸುಳ್ಳಲ್ಲ, ನಿದ್ದೆ ಮಾಡಿದ್ದೂ ಸುಳ್ಳಲ್ಲ. ಆದರೂ ಅವಳು ಅಷ್ಟು ದಿನವೂ ಮುಂದಿನ ಸೀಟನ್ನೇ ನೋಡುತ್ತಾ ಕೂತಿದ್ದಳು. ಫೋನು ಇಟ್ಟೆ. ಆಮೇಲೆ ತಮ್ಮನನ್ನು ಕೂಗಿದೆ.

"ಕಾರಿನ ಮುಂದಿನ ಸೀಟು ಬಿಚ್ಚಿ ಒಳಗೆ ತಾ."

"ಯಾಕೆ?"

"ಹೊಲೀತೀನಿ."

"ಅಂಗಡಿಗೆ ಕೊಟ್ರೆ ಹೊಸ ಕವರ್ ಹಾಕಿ ಕೊಡ್ತಾರೆ, ಅಕ್ಕ."

"ಕೊಡು ಮತ್ತೆ. ಇಷ್ಟು ದಿನ ಯಾರು ಕೈ ಹಿಡ್ಕೊಂಡಿದ್ರು?"

ಅವನು ಸ್ಪ್ಯಾನರು ಹುಡುಕಲು ಹೋದ. ಸೀಟಿನ ಬೋಲ್ಟುಗಳು ತುಕ್ಕು ಹಿಡಿದು ಕೂತಿದ್ದವು. ಎಣ್ಣೆ ಬಿಟ್ಟು, ಬೈದು, ಮತ್ತೆ ಎಣ್ಣೆ ಬಿಟ್ಟು, ಬೆಳಗಿನ ತಿಂಡಿ ಕರಗುವ ಹೊತ್ತಿಗೆ ಸೀಟನ್ನು ಹೊತ್ತು ತಂದು ನಡುಮನೆಯಲ್ಲಿ ಇಟ್ಟ. ಕರೆಯದೆ ಬಂದ ನೆಂಟನ ಹಾಗೆ ಅದು ಕಿಟಕಿ ಪಕ್ಕ ಕೂತಿತು. ಪೇಪರು ಕೇಳಲು ಬಂದ ಎದುರು ಮನೆಯ ಮೇಷ್ಟ್ರು ನೆಟ್ಟಗೆ ಹೋಗಿ ಅದರಲ್ಲೇ ಕೂತು, ಒರಗುವ ಹಿಡಿ ಎಳೆದು ಹಿಂದಕ್ಕೆ ಬಾಗಿಸಿಕೊಂಡು, "ಮನೇಲಿ ಇಂಥದ್ದೊಂದು ಇರ್ಬೇಕು ನೋಡಿ," ಅಂತ ಪೇಪರು ಪೂರ್ತಿ ಓದಿದರು. ಅವರನ್ನು ಎಬ್ಬಿಸುವುದಕ್ಕೆ ನಾನು ಕತ್ತರಿ ಕೈಗೆ ತೆಗೆದುಕೊಳ್ಳಬೇಕಾಯಿತು.

ಹರಿದ ಜಾಗವನ್ನು ಬ್ರಷ್ಷಿನಿಂದ ಉಜ್ಜಿ ಸ್ಪಂಜಿನ ಪುಡಿ ತೆಗೆದೆ. ಎದ್ದ ಎಳೆಗಳನ್ನು ಕತ್ತರಿಸಿದೆ. ಬಾಗಿದ ಸೂಜಿಗೆ ದಪ್ಪ ನೈಲಾನ್ ದಾರ ಪೋಣಿಸಿ, ಎರಡೂ ಅಂಚನ್ನು ಒಳಕ್ಕೆ ಮಡಚಿ, ಈ ಮಡಿಕೆಯಲ್ಲಿ ಹೊಕ್ಕು ಆ ಮಡಿಕೆಯಲ್ಲಿ ಹೊರಬರುತ್ತಾ ಹೋದೆ. ಏಣಿಯ ಮೆಟ್ಟಿಲಿನಂತೆ ಅಡ್ಡಡ್ಡ ಕಾಣುವ ಈ ಹೊಲಿಗೆಯನ್ನು ಕೊನೆಯಲ್ಲಿ ಎಳೆದರೆ ಮೆಟ್ಟಿಲೆಲ್ಲ ಒಳಗೆ ಮಾಯ. ಎಳೆದೆ. ತೂತು ಮುಚ್ಚಿ ಒಂದು ಗೆರೆ ಮಾತ್ರ ಉಳಿಯಿತು. ನನ್ನ ಕೈಯ ಬಗ್ಗೆ ನನಗೇ ಹೆಮ್ಮೆಯಾಗಿ, "ಕೂತು ನೋಡೋ," ಅಂದೆ.

ಅವನು ಕೂತ. ಟರ್ ಅಂತ ಸದ್ದು ಬಂತು. ಎದ್ದರೆ ಮೊದಲಿಗಿಂತ ದೊಡ್ಡ ತೂತು.

ಆಸ್ಪತ್ರೆಯ ಬುದ್ಧಿ ನನ್ನದು. ಹಾಸಿಗೆ ಬಟ್ಟೆ ಮೇಜಿನ ಮೇಲೆ ಚಪ್ಪಟೆ ಬಿದ್ದಿರುತ್ತದೆ, ಹೊಲಿದರೆ ಹೊಲಿಸಿಕೊಳ್ಳುತ್ತದೆ. ಸೀಟಿನ ಬಟ್ಟೆ ಹಾಗಲ್ಲ, ಅದರ ಮೇಲೆ ಒಂದು ಆಳು ಕೂತು ಎಳೆಯುತ್ತಾನೆ. ಇಷ್ಟು ದೊಡ್ಡ ತೂತನ್ನು ಬರೀ ಅಂಚು ಎಳೆದು ಮುಚ್ಚಲು ಹೋದದ್ದು ನನ್ನ ಆತುರ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನೂ ಅದನ್ನೇ ಅಂದೆ. "ನಿನಗ್ಯಾರೋ ಇಷ್ಟು ತೂಕ ಬೆಳೆಸ್ಕೋ ಅಂದಿದ್ದು?"

ಅವನು ಹರಿದ ಸೀಟು ನೋಡಿ, ನನ್ನ ಮುಖ ನೋಡಿ, ನಕ್ಕುಬಿಟ್ಟ. ಅವನು ನಕ್ಕು ಎಷ್ಟು ದಿನವಾಗಿತ್ತೋ. ನನಗೂ ನಗು ಬಂತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗು ಇಬ್ಬರಿಗೂ ಒಟ್ಟಿಗೇ ನಿಂತಿತು. ಇಂಥ ಕಡೆ ಮೂರನೆಯದೊಂದು ನಗು ಇರಬೇಕಿತ್ತು, ಅದು ಎಲ್ಲರಿಗಿಂತ ಜೋರಾಗಿ, ಎಲ್ಲರಿಗಿಂತ ಕೊನೆಗೆ ಮುಗಿಯುತ್ತಿತ್ತು. ಅವನು ಹೋಗಿ ನೀರು ಕುಡಿದು ಬಂದ.

ಎರಡನೇ ಸಲ ಬುದ್ಧಿಯಿಂದ ಶುರು ಮಾಡಿದೆ. ಹಳೇ ಕ್ಯಾನ್‌ವಾಸ್ ಚೀಲದಿಂದ ತೂತಿಗಿಂತ ದೊಡ್ಡ ತುಂಡು ಕತ್ತರಿಸಿ, ಸ್ಕೇಲಿನ ತುದಿಯಿಂದ ನೂಕಿ ನೂಕಿ ಬಟ್ಟೆಯ ಅಡಿಗೆ ಸೇರಿಸಿ ಹರಡಿದೆ. ಅಂಚಿಗೆ ಬಟ್ಟೆಯ ಅಂಟು ಹಚ್ಚಿ ಒತ್ತಿದೆ. ಅದು ಒಣಗುವ ತನಕ ಮೇಲೆ ಭಾರ ಬೇಕು. "ನಿನ್ನ ಪೆಟ್ಟಿಗೆ ತಾ," ಅಂದೆ. "ಮಾಡಿದ ಘನಕಾರ್ಯಕ್ಕೆ ಅದೂ ಸ್ವಲ್ಪ ದುಡೀಲಿ." ಅವನು ತಂದು ಹೇರಿದ.

ತೂತಿನ ನಡುವೆ ಬಟ್ಟೆ ಪೂರ್ತಿ ಸವೆದುಹೋದ ಜಾಗಕ್ಕೆ ಅದೇ ಜಾತಿಯ ತುಂಡು ಬೇಕಿತ್ತು. ಅಂಥ ಬಟ್ಟೆ ಈಗ ಯಾವ ಅಂಗಡಿಯಲ್ಲೂ ಇಲ್ಲ. ಕಾಣುವ ಕಡೆ ಹಾಕಬೇಕಾದರೆ ಕಾಣದ ಕಡೆಯಿಂದ ಕತ್ತರಿಸಬೇಕು, ಎಲ್ಲ ರಿಪೇರಿಯೂ ಹಾಗೆಯೇ. ಹಿಂದಿನ ಸೀಟಿನ ಮೆತ್ತೆ ಎತ್ತಿದರೆ ಅಡಿಯಲ್ಲಿ ಬಟ್ಟೆ ಮಡಚಿ ಬಿಟ್ಟಿರುತ್ತಾರೆ. ಇಬ್ಬರೂ ಕಾರಿನ ಹತ್ತಿರ ಹೋದೆವು, ತಮ್ಮ ಮೆತ್ತೆ ಎತ್ತಿ ಹಿಡಿದ. ಅಡಿಯಲ್ಲಿ ಕಿತ್ತಳೆ ಬೀಜ, ಒಣಗಿ ಕಲ್ಲಾಗಿದ್ದವು. ಒಂದು ಕೂದಲ ಪಿನ್ನು. ನಾನು ಬೀಜಗಳನ್ನು ಗುಡಿಸಿ ಬಿಸಾಡಿದೆ, ಪಿನ್ನನ್ನು ನನ್ನ ತಲೆಗೇ ಸಿಕ್ಕಿಸಿಕೊಂಡೆ. ಅವಳು ಕೂರುತ್ತಿದ್ದ ಬದಿಯಲ್ಲಿ ಕತ್ತರಿ ಹಾಕಲು ಕೈ ಏಳಲಿಲ್ಲ. ನನ್ನ ಬದಿಯಿಂದ ಕತ್ತರಿಸಿದೆ.

ತುಂಡನ್ನು ಬೆಳಕಿಗೆ ತಂದಾಗ ಇಬ್ಬರಿಗೂ ಆಶ್ಚರ್ಯ. ಕಡುನೀಲಿ. ಮೇಲಿನದೆಲ್ಲ ಬಿಸಿಲು ತಿಂದು ತಿಂದು ಬೂದಿ ಬಣ್ಣಕ್ಕೆ ಬಂದುಬಿಟ್ಟಿತ್ತು, ನಮ್ಮ ಕಾರಿನ ಸೀಟು ಬೂದಿ ಬಣ್ಣದ್ದು ಅಂತಲೇ ನಾನು ತಿಳಿದಿದ್ದೆ.

"ತೇಪೆ ಎದ್ದು ಕಾಣತ್ತೆ, ಅಕ್ಕ."

"ಕಾಣ್ಲಿ ಬಿಡು."

ಅವನು ತುಂಡನ್ನು ಕೈಯಲ್ಲಿ ತಿರುಗಿಸುತ್ತಾ ನಿಂತ. "ಶೋರೂಮಲ್ಲಿ ಬೇರೆ ಬಣ್ಣದ್ದು ತೋರ್ಸಿದ್ರು. ನೀಲೀನೇ ಬೇಕು ಅಂತ ಇವ್ಳು ಹಟ ಮಾಡಿದ್ಲು. ನೀಲೀದು ಬರೋಕೆ ಒಂದು ತಿಂಗಳು ಕಾದ್ವಿ." ಆಮೇಲೆ ನನ್ನನ್ನು ನೋಡದೆ ಕೇಳಿದ. "ಅಕ್ಕ, ಬರ್ತಾಳಾ ಅವ್ಳು?"

ಈ ಕೋಣನೂ ಒಳಗೊಳಗೆ ನನ್ನ ಹಾಗೇ ಬೇಯುತ್ತಿದ್ದಾನೆ ಅಂತ ಗೊತ್ತಾದದ್ದೇ ಆಗ. ಹಾಗಂತ ತಲೆ ಸವರಿ ಸಮಾಧಾನ ಹೇಳುವ ಅಕ್ಕ ನಾನಲ್ಲ. "ನನ್ನನ್ನೇನು ಕೇಳ್ತೀಯ? ಮೆತ್ತೆ ಇಳಿಸಿ ಒಳಗೆ ಬಾ, ಕೆಲಸ ಇದೆ," ಅಂದೆ.

ಕೆಲಸ ಏನೆಂದರೆ, ಅವನು ಸೀಟಿನ ಮೇಲೆ ಕೂತಿರಬೇಕು, ಅವನು ಕೂತಂತೆಯೇ ನಾನು ಹೊಲಿಯಬೇಕು. ಆಗ ಬಟ್ಟೆ ಎಷ್ಟು ಎಳೆಯುತ್ತದೋ ಅಷ್ಟು ಎಳೆದ ಮೇಲೇ ಹೊಲಿಗೆ ಬೀಳುತ್ತದೆ, ಆಮೇಲೆ ಬಿಡುವುದಿಲ್ಲ. ತೂತು ಸೀಟಿನ ಮುಂದಿನ ಅಂಚಿಗಿತ್ತು. ಅವನನ್ನು ಹಿಂದಕ್ಕೆ ಸರಿಸಿ, ಕಾಲು ಅಗಲಿಸಿ ಕೂರಿಸಿ, ನಾನು ಎದುರಿಗೆ ನೆಲದ ಮೇಲೆ ಕೂತೆ.

"ಅಲ್ಲಾಡ್ಬೇಡ."

"ಸೂಜಿ ತಾಗತ್ತೆ."

"ತಾಗ್ಲಿ. ಅಷ್ಟಾದ್ರೂ ಚುರುಕಾಗ್ತೀಯ."

"ನನ್ನ ತೂಕಕ್ಕೆ ಹೊಲಿದ್ರೆ ಅವಳಿಗೆ ಸಡಿಲ ಆಗಲ್ವಾ?"

"ನಿನ್ನನ್ನೇ ತಡೆದ್ಮೇಲೆ ಅವಳನ್ನ ಹೂವಿನ ಥರ ತಡೆಯತ್ತೆ, ಸುಮ್ನಿರು."

ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಬಂದು ನೀಲಿ ತುಂಡಿನ ಮೇಲೆ ಬಿದ್ದಿತ್ತು. ಸೂಜಿ ಹಾಕುತ್ತಾ ಹಾಕುತ್ತಾ ನಾನು ಮಾಡುತ್ತಿರುವ ಕೆಲಸ ಏನು ಅಂತ ಸ್ಪಷ್ಟವಾಗಿ ಗೊತ್ತಿತ್ತು ನನಗೆ. ಅವಳು ಬಂದರೆ ಇಲ್ಲಿ ಕೂರುತ್ತಾಳೆ. ಇಲ್ಲಿ ಕೂತರೆ ನನ್ನ ಪಕ್ಕ ಕೂರುವುದಿಲ್ಲ. ನನ್ನ ಕೈಯಾರೆ ನನ್ನ ಪಕ್ಕದಿಂದ ಅವಳನ್ನು ಎಬ್ಬಿಸಿ ಮುಂದೆ ಕೂರಿಸುತ್ತಿದ್ದೆ. ಇದು ಬೇಡ ಅಂದರೆ ಅವಳು ಮನೆಗೇ ಬರುವುದಿಲ್ಲ. ಅಡುಗೆಮನೆಯಲ್ಲಾದರೂ ಮಾತಾಡಿಯಾಳು, ಗಡಿಯಾರವಾದರೂ ಬಾಯಿ ಮುಚ್ಚೀತು ಅಂತ ಸಮಾಧಾನ ಮಾಡಿಕೊಂಡು ಗಂಟು ಹಾಕಿದೆ. ಈ ಸಲ ಅವನು ಎದ್ದು ಕೂತು, ಎದ್ದು ಕೂತು ಮಾಡಿದರೂ ಹೊಲಿಗೆ ಬಿಡಲಿಲ್ಲ.

ಸೀಟು ಮತ್ತೆ ಕಾರಿಗೆ ಬಿಗಿದಾದ ಮೇಲೆ, ನಾನು ಹೇಳದೆಯೇ ಅವನು ಇನ್ನೊಂದು ಕೆಲಸ ಮಾಡಿದ. ಹಲಗೆ ತುಂಡುಗಳನ್ನು ತಂದು ಡಿಕ್ಕಿಯ ಅಳತೆಗೆ ಗರಗಸದಿಂದ ಕೊಯ್ದು, ನಡುವೆ ಗೂಡುಗಳಿರುವ ಒಂದು ಚೌಕಟ್ಟು ಮಾಡಿ, ಪ್ರತಿ ಗೂಡಿಗೂ ದಪ್ಪ ಸ್ಪಂಜು ಅಂಟಿಸಿದ. ಟೈಲ್ಸ್ ಒಂದೊಂದೂ ಒಂದೊಂದು ಗೂಡಿನಲ್ಲಿ ನಿಂತವು. ಖಾಲಿ ಪೆಟ್ಟಿಗೆಯನ್ನು ಹಿತ್ತಲಿಗೆ ಒಯ್ದು ಅದರಲ್ಲಿ ಇದ್ದಿಲು ತುಂಬಿದ. ಎರಡು ದಿನ ಕಿವಿಯ ಹಿಂದೆ ಪೆನ್ಸಿಲು ಸಿಕ್ಕಿಸಿಕೊಂಡು ಓಡಾಡಿದ ಅವನನ್ನು ನಾನು ಆಡಿಕೊಳ್ಳಲಿಲ್ಲ, ಬೇಕೆಂದೇ ಬಿಟ್ಟೆ.

"ಈಗ ಫೋನ್ ಮಾಡು," ಅಂದೆ. "ಸೀಟು ಹೊಲಿದಿದೀನಿ, ನಾನೇ ಹೊಲಿದೆ ಅನ್ನು."

"ನಂಗೆ ಗುಂಡಿ ಹಾಕೋಕೂ ಬರಲ್ಲ ಅಂತ ಅವಳಿಗೆ ಗೊತ್ತು."

"ಕಲ್ತೆ ಅನ್ನು. ನಾನು ಹೊಲಿದೆ ಅಂದ್ರೆ ಅದರಲ್ಲಿ ಅವಳಿಗೇನು ಬಂತು? ಅತ್ತಿಗೆ ದಿನಾ ಏನಾದ್ರೂ ಹೊಲೀತಾನೇ ಇರ್ತಾಳೆ."

ಅವನು ವರಾಂಡಕ್ಕೆ ಹೋಗಿ ಫೋನು ಮಾಡಿದ. ಸುಳ್ಳು ಹೇಳುವಾಗ ಅವನ ದನಿ ಚಿಕ್ಕಂದಿನಿಂದಲೂ ಕೀರಲಾಗುತ್ತದೆ. ಒಳಗೆ ಬಂದು, "ಭಾನುವಾರ ಬನ್ನಿ, ನೋಡ್ತೀನಿ ಅಂದ್ಲು," ಅಂದ. ಬರುತ್ತೇನೆ ಅಂದಿರಲಿಲ್ಲ. ನೋಡುತ್ತೇನೆ ಅಂದಿದ್ದಳು.

ಭಾನುವಾರ ಹೊರಟೆವು. ಮುಂದಿನ ಸೀಟಿನಲ್ಲಿ ಕೂರು ಅಂದ ಅವನು. ನಾನು ಕೂರಲಿಲ್ಲ. ಅವಳಿಗಿಂತ ಮೊದಲು ಅಲ್ಲಿ ಯಾರಾದರೂ ಕೂರುವುದು ನನಗೆ ಬೇಕಿರಲಿಲ್ಲ. ಅವಳ ಅಕ್ಕನ ಮನೆ ಮೂರನೇ ಮಹಡಿ. ಆ ಅಕ್ಕ ಹೊಸ ಮಂಡಿಯ ಜಂಬಕ್ಕೆ ತಾನೇ ಕೆಳಗಿಳಿದು ಬಂದು ನಮ್ಮನ್ನು ಮೇಲೆ ಕರೆದೊಯ್ದು ಚಹಾ ಕೊಟ್ಟಳು. ಮಾತಿನಮಲ್ಲಿ ಸ್ವಲ್ಪ ತೆಳ್ಳಗಾಗಿದ್ದಳು. ನನ್ನ ಕೈ ಹಿಡಿದುಕೊಂಡು ಬಿಡಲೇ ಇಲ್ಲ, ಗಂಡನ ಕಡೆ ಸರಿಯಾಗಿ ನೋಡಲೂ ಇಲ್ಲ. ಚಹಾ ಮುಗಿದ ಮೇಲೆ, "ನಡೀರಿ, ಸೀಟು ತೋರಿಸಿ," ಅಂತ ಎದ್ದಳು. ಚೀಲ ತೆಗೆದುಕೊಳ್ಳಲಿಲ್ಲ. ನಾನು ಮೆಟ್ಟಿಲು ಇಳಿಯುವಾಗ ಅದನ್ನೇ ನೋಡುತ್ತಿದ್ದೆ, ಅವಳ ಖಾಲಿ ಕೈಗಳನ್ನು.

ತಮ್ಮ ಮುಂದಿನ ಬಾಗಿಲು ತೆರೆದು ಪಕ್ಕಕ್ಕೆ ನಿಂತ. ನಾನು ಹಿಂದೆ ಹೋಗಿ ನನ್ನ ಜಾಗದಲ್ಲಿ ಕೂತೆ, ಗಂಡ ಹೆಂಡತಿ ನಡುವೆ ನಿಂತು ಮೂಗು ತೂರಿಸುವುದು ಬೇಡ ಅಂತ. ಅವಳು ಬಗ್ಗಿ ನೋಡಿದಳು. ನೀಲಿ ತುಂಡನ್ನು ಅಂಗೈಯಿಂದ ಒತ್ತಿದಳು. ಅವಳ ಮುಖ ಮೆತ್ತಗಾದದ್ದು ನನಗೆ ಕಂಡಿತು. ಹೊಲಿಗೆಯ ಗೆರೆಯ ಮೇಲೆ ಬೆರಳು ಎಳೆಯುತ್ತಾ ಎಳೆಯುತ್ತಾ ಸೀಟಿನ ಅಂಚಿಗೆ, ಅಂಚಿನಿಂದ ಕೆಳಕ್ಕೆ ಹೋದಳು. ಅಲ್ಲಿ ಬೆರಳು ನಿಂತಿತು. ಕತ್ತು ಬಗ್ಗಿಸಿ ನೋಡಿದಳು.

ಅಲ್ಲೇನಿದೆ ಅಂತ ನನಗೆ ಆಗ ನೆನಪಾಯಿತು. ಆಸ್ಪತ್ರೆಯಲ್ಲಿ ರಿಪೇರಿಯಾದ ಬಟ್ಟೆಗೆಲ್ಲ ಮೂಲೆಯಲ್ಲಿ ಕೆಂಪು ದಾರದ ಎರಡು ಎಳೆ ಅಡ್ಡ ಹಾಯಿಸಿದ ಒಂದು ಸಣ್ಣ ಕತ್ತರಿ ಗುರುತು ಹಾಕಬೇಕಿತ್ತು, ಒಗೆಯುವವರು ಜೋಪಾನ ಮಾಡಲಿ ಅಂತ. ಜೀವಮಾನವೆಲ್ಲ ಹಾಕಿದ ಕೈ. ಹೊಲಿಗೆ ಮುಗಿದ ಮೇಲೆ ನನ್ನನ್ನು ಕೇಳದೆ ಆ ಕೈ ಕೆಂಪು ದಾರ ಪೋಣಿಸಿ ಗುರುತು ಹಾಕಿ ಮುಗಿಸಿತ್ತು. ನಮ್ಮ ಮನೆಯ ದಿಂಬಿನ ಚೀಲ, ಟವೆಲು, ಪರದೆ ಎಲ್ಲದರ ಮೂಲೆಯಲ್ಲೂ ಆ ಗುರುತು ಇದೆ. ಅವಳು ದಿನಾ ಮಡಚಿಟ್ಟ ಬಟ್ಟೆಗಳು ಅವು.

"ಯಾರು ಹೊಲಿದಿದ್ದು ಅಂದ್ರಿ?" ಅಂತ ಕೇಳಿದಳು.

"ನಾ... ನಾನೇ," ಅಂದ ತಮ್ಮ, ಕೀರಲು ದನಿಯಲ್ಲಿ.

ಅವಳು ನೆಟ್ಟಗಾದಳು. ಸರಸರ ಮೆಟ್ಟಿಲು ಹತ್ತಿ ಮೇಲೆ ಹೋದಳು. ತಮ್ಮ ಬಾಗಿಲು ಹಿಡಿದು ನಿಂತೇ ಇದ್ದ. "ನಿನ್ನಿಂದ ಎಲ್ಲ ಹಾಳಾಯ್ತು" ಅಂತ ಅವನು ಬೈದಿದ್ದರೂ ನಾನು ಬೈಸಿಕೊಳ್ಳುತ್ತಿದ್ದೆ. ಅವನು ಬೈಯಲಿಲ್ಲ. ನಾನು ಸೀಟಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂತಿದ್ದೆ.

ಅವಳು ಇಳಿದು ಬಂದಳು. ಕೈಯಲ್ಲಿ ಚೀಲ ಇತ್ತು. ಗಂಡ ತೆರೆದು ಹಿಡಿದ ಬಾಗಿಲನ್ನು ದಾಟಿ ಬಂದು ಹಿಂದಿನ ಬಾಗಿಲು ತೆರೆದು ನನ್ನ ಪಕ್ಕ ಕೂತಳು. ಚೀಲ ಕಾಲ ಬಳಿ ಇಟ್ಟು ನನ್ನ ತೋಳಿಗೆ ತೋಳು ಸೇರಿಸಿದಳು.

"ನಡೀರಿ," ಅಂದಳು ಗಂಡನಿಗೆ. "ಅತ್ತಿಗೆ ಕರೆದ್ರು, ಬಂದೆ. ನೀವು ಕರೆದಿಲ್ಲ."

ಅಯ್ಯೋ, ಆಗ ನನಗಾದ ಸುಖವನ್ನು ಹೇಗೆ ಹೇಳಲಿ. ನನಗಾಗಿ ಬಂದಿದ್ದಳು. ಶಿಕ್ಷೆಯ ಜಾಗ ಅಂತ ಗೊತ್ತಿದ್ದೂ ನನ್ನ ಪಕ್ಕ ಬಂದು ಕೂತಿದ್ದಳು. ಅವಳ ಕೂದಲಿನ ಎಣ್ಣೆಯ ವಾಸನೆ, ಅವಳ ಮೈಯ ಬಿಸಿ, ಎಲ್ಲ ಮೊದಲಿನ ಹಾಗೇ. ಸುಮ್ಮನೆ ಇದ್ದುಬಿಡು, ಬಾಯಿ ತೆರೆಯಬೇಡ ಅಂತ ನನಗೆ ನಾನೇ ಹೇಳಿಕೊಂಡೆ. ಇಡೀ ದಾರಿ ಮಾತಾಡುತ್ತಾಳೆ, ಆಮೇಲೆ ಭುಜಕ್ಕೆ ಒರಗುತ್ತಾಳೆ.

ತಮ್ಮ ಇನ್ನೂ ಮುಂದಿನ ಬಾಗಿಲು ಮುಚ್ಚಿರಲಿಲ್ಲ. ಖಾಲಿ ಸೀಟನ್ನು ನೋಡುತ್ತಾ ನಿಂತಿದ್ದ. ಅವನ ಹೆಬ್ಬೆರಳಿಗೆ ಗರಗಸ ತಾಗಿ ಆದ ಗಾಯದ ಪಟ್ಟಿ ಕೊಳೆಯಾಗಿತ್ತು. ಹೀಗೇ ಮನೆಗೆ ಹೋದರೆ ಇವಳು ಎಷ್ಟು ದಿನ ಇರುತ್ತಾಳೆ? ಇನ್ನೊಂದು ಮಂಡಿ ಇದೆ ಅವಳ ಅಕ್ಕನಿಗೆ.

"ಡಿಕ್ಕಿ ನೋಡ್ಕೊಂಡು ಬಾ," ಅಂದೆ ಅವಳಿಗೆ.

"ಯಾಕೆ, ಅತ್ತಿಗೆ?"

"ಸೂಜಿ ಹಿಡಿದಿದ್ದು ನಾನು, ನಿಜ. ನಾನೇ ಹೊಲಿದೆ ಅನ್ನು ಅಂತ ಹೇಳ್ಕೊಟ್ಟಿದ್ದೂ ನಾನೇ. ನಿನ್ನನ್ನ ಅಲ್ಲಿಂದ ಎಬ್ಬಿಸಿದ್ದು ಆ ತೂತಲ್ಲ, ಪೆಟ್ಟಿಗೆ. ಅದನ್ನ ಎತ್ತು ಅಂತ ನಾನು ಅವನಿಗೆ ಹೇಳಿಲ್ಲ. ಹೋಗಿ ನೋಡು."

ಅವಳು ಇಳಿದು ಹೋದಳು. ನನ್ನ ಹಿಂದೆ ಡಿಕ್ಕಿಯ ಮುಚ್ಚಳ ಎದ್ದಿತು. ತಮ್ಮ ಏನೋ ತೋರಿಸುತ್ತಿದ್ದ, ಹಲಗೆಯ ಮೇಲೆ ಬೆರಳಿನಿಂದ ಟಕಟಕ ಅನ್ನುವ ಸದ್ದು. "ಪೆಟ್ಟಿಗೆ ಎಲ್ಲಿ?" "ಹಿತ್ತಲಲ್ಲಿ. ಇದ್ದಿಲು ತುಂಬಿದೀನಿ." ಆಮೇಲೆ ಅವನ ದನಿ, ತೀರಾ ತಗ್ಗಿ. "ಜ್ವರ ಬಂದ ದಿನಾನೇ ಎತ್ತಬೇಕಿತ್ತು." ಮುಂದಿನದು ನನಗೆ ಕೇಳಿಸಲಿಲ್ಲ. ಕೇಳಿಸಿಕೊಳ್ಳಲೂ ಹೋಗಲಿಲ್ಲ.

ಅವಳು ನನ್ನ ಕಿಟಕಿಗೆ ಬಂದಳು. ಕಣ್ಣು ಒದ್ದೆಯಾಗಿತ್ತು. "ಅತ್ತಿಗೆ, ನೀವು ಒಬ್ರೇ ಆಗ್ತೀರಿ. ನಾನು ನಿಮ್ಮ ಜೊತೆನೇ ಕೂತ್ಕೋತೀನಿ."

ಇಷ್ಟು ಹೊತ್ತಿಗೆ ಕೈಗೆ ಬಂದ ತುತ್ತು ಬಾಯಿಯ ತನಕವೂ ಬಂದಿತ್ತು. ಹೂಂ ಅಂದರೆ ಸಾಕಿತ್ತು.

"ಬೇಡಮ್ಮ," ಅಂದೆ. "ಕಾಲು ನೋಯ್ತಾ ಇದೆ ನಂಗೆ. ಚಾಚ್ಕೊಂಡು ಕೂತ್ಕೋಬೇಕು. ನೀನಿದ್ರೆ ಜಾಗ ಸಾಲಲ್ಲ. ಹೋಗು ಮುಂದೆ."

ಅವಳು ನನ್ನ ಮುಖವನ್ನೇ ನೋಡಿದಳು. ನಾನು ಸಿಡುಕಿನ ಮುಖ ಹಾಕಿಕೊಂಡೆ, ಅದು ನನಗೆ ಕಷ್ಟವಿಲ್ಲ. ಅವಳು ಹೋಗಿ ಮುಂದೆ ಕೂತಳು. ಹೊಲಿಗೆ ಗಟ್ಟಿಯಾಗಿಯೇ ಹಿಡಿಯಿತು.

ಊರು ದಾಟಿದ ಮೇಲೆ ಅವರಿಬ್ಬರೂ ಮಾತಿಗೆ ತೊಡಗಿದರು. ಮೊದಲು ಅವಳು ಒಂದು, ಅವನು ಒಂದು. ಆಮೇಲೆ ಅವಳು ಹತ್ತು, ಅವನು ಒಂದು. ಗಾಳಿಯ ಸದ್ದಿಗೂ ಎಂಜಿನ್ನಿನ ಸದ್ದಿಗೂ ಹಿಂದೆ ಕೂತವಳಿಗೆ ಏನೂ ಕೇಳುವುದಿಲ್ಲ. ಅವಳು ನಕ್ಕದ್ದು ಕೇಳಿಸಿತು, ಯಾಕೆ ನಕ್ಕಳು ಅಂತ ತಿಳಿಯಲಿಲ್ಲ.

ನನ್ನ ಕಾಲಿಗೆ ನೋವೂ ಇರಲಿಲ್ಲ, ಏನೂ ಇರಲಿಲ್ಲ. ಆದರೆ ಹೇಳಿದ ಮೇಲೆ ಚಾಚಲೇಬೇಕಲ್ಲ. ಬಾಗಿಲಿಗೆ ಬೆನ್ನು ಕೊಟ್ಟು, ಅವಳು ಕೂರುತ್ತಿದ್ದ ಜಾಗದ ಮೇಲೆ ಎರಡೂ ಕಾಲು ಚಾಚಿದೆ. ಬಾಗಿಲಿನ ಹಿಡಿ ಪಕ್ಕೆಗೆ ಒತ್ತುತ್ತಿತ್ತು. ಅರ್ಧ ದಾರಿಯಲ್ಲಿ ಅವಳು ತಿರುಗಿ, "ಈಗ ಆರಾಮಾಯ್ತಾ, ಅತ್ತಿಗೆ?" ಅಂತ ಕೂಗಿ ಕೇಳಿದಳು.

"ಆರಾಮು," ಅಂದೆ.

ಮನೆ ಬರುವ ತನಕ ಕಾಲು ಮಡಚಲಿಲ್ಲ.